ಒಡೆದ ಗಡಿಗೆ, ಜಾಲಿ ಕಟ್ಟಿಗೆ: ಹಕ್ಕಿ ಕರೆಯಲು ಇಷ್ಟು ಸಾಕು

ಸಿಂಧನೂರು ಭಾಗಕ್ಕೆ ಭತ್ತದ ಕಣಜ ಎಂಬ ಹೆಸರಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂತು, ಭತ್ತ ಬಂತು, ಭತ್ತದ ಬೆನ್ನಿಗೆ ಇಲಿಯೂ ಬಂತು. ಅತ್ತ ಮಸ್ಕಿ, ಲಿಂಗಸುಗೂರಿನ ಎರೆ ಹೊಲದಲ್ಲಿ ಕಡ್ಲಿ, ತೊಗರಿಗೆ ಕಾಯಿಕೊರಕದ ಕಾಟ. ಎರಡಕ್ಕೂ ನಾವು ವರ್ಷಾ ವರ್ಷ ಅಂಗಡಿಗೆ ದುಡ್ಡು ಸುರಿಯುತ್ತೇವೆ. ಇವನ್ನು ಪುಕ್ಕಟೆ ತಿಂದು ಹಾಕುವ ಆಳುಗಳು ನಮ್ಮ ಹಿತ್ತಲು, ಬದುಗಳಲ್ಲೇ ಇದ್ದವು. ಈಗ ಕಡಿಮೆಯಾಗಿವೆ.

ಯಾಕೆ? ಮಣ್ಣಿನ ಮಾಳಿಗೆ ಮನೆಯಲ್ಲಿ ಜಂತಿಗೂ ಗೋಡೆಗೂ ನಡುವೆ ಗುಬ್ಬಿಗೊಂದು ಸಂದು ಸಿಗುತ್ತಿತ್ತು. ಆರ್.ಸಿ.ಸಿ. ಮನೆಯಲ್ಲಿ ಸಂದು ಎಲ್ಲಿಂದ ಬರಬೇಕು? ಕಣದಲ್ಲಿ ರಾಶಿ ಮಾಡುವಾಗ ನಾಲ್ಕು ಕಾಳು ಚೆಲ್ಲುತ್ತಿದ್ದವು. ಈಗ ಯಂತ್ರ ಹೊಲದಲ್ಲೇ ಕೊಯ್ದು, ಒಕ್ಕಿ, ಕಾಳು ಸುರಿದು ಹೋಗುತ್ತದೆ. ಬದುವಿನ ಹಳೆ ಮರ ಕಡಿದ ಮೇಲೆ ಗೂಬೆಗೆ ಪೊಟರೆ ಇಲ್ಲ.

ಅಂದರೆ ಹಕ್ಕಿ ಕೇಳುವುದು ಮೂರೇ: ಕುಡಿಯಲು ನೀರು, ಗೂಡಿಗೆ ಜಾಗ, ಹೊಲದಲ್ಲಿ ಕೂಡಲು ಕಟ್ಟಿಗೆ. ಮೂರನ್ನೂ ಮನೆಯ ಹಳೆ ಸಾಮಾನಿನಲ್ಲೇ ಮಾಡಬಹುದು. ಅಳತೆ ಮಾತ್ರ ತಪ್ಪಬಾರದು.

ನೀರಿನ ತಟ್ಟೆ

ಮುಕ್ಕುಂದದಂಥ ಹೊಳೆ ದಂಡೆಯ ಊರಲ್ಲೂ ಏಪ್ರಿಲ್, ಮೇ ಬಂತೆಂದರೆ ಹೊಳೆ ಸೊರಗುತ್ತದೆ. ಕಾಲುವೆ ಬಂದಾದರೆ ಒಳಗಿನ ಹಳ್ಳಿಗಳಲ್ಲಿ ಹಕ್ಕಿಗೆ ಹನಿ ನೀರಿಲ್ಲ. ಬಿಸಿಲು 40 ಡಿಗ್ರಿ ದಾಟುವ ಸೀಮೆ ನಮ್ಮದು.

ಒಡೆದ ಗಡಿಗೆಯ ತಳದ ಭಾಗ ಎತ್ತಿಟ್ಟುಕೊಳ್ಳಿ. ಎರಡು ಇಂಚಿಗಿಂತ ಹೆಚ್ಚು ಆಳ ಬೇಡ. ಗುಬ್ಬಿಯಂಥ ಸಣ್ಣ ಹಕ್ಕಿ ಆಳದ ನೀರಿಗೆ ಇಳಿಯುವುದಿಲ್ಲ. ನಡುವೆ ನೀರಿನ ಮೇಲೆ ಏಳುವಂತೆ ಒಂದು ಒರಟು ಕಲ್ಲಿಡಿ. ಹಳೆ ಸೈಕಲ್ಲಿನ ರಿಮ್ಮಿಗೆ ಮೂರು ಕಡೆ ಹಗ್ಗ ಕಟ್ಟಿ, ಅದರಲ್ಲಿ ತಟ್ಟೆ ಕೂಡಿಸಿ ಬೇವಿನ ಗಿಡಕ್ಕೆ ತೂಗಿದರೆ ಬೆಕ್ಕಿನ ಭಯ ಕಡಿಮೆ. ನೆಲದಲ್ಲಿ ಇಡುವುದಾದರೆ ಸುತ್ತ ಎಂಟು ಅಡಿ ಬಯಲಿರಲಿ. ಬೆಕ್ಕು ಹೊಂಚುವ ಪೊದೆ ಹತ್ತಿರ ಬೇಡ. ತಗಡಿನ ತಟ್ಟೆ ಬೇಡವೇ ಬೇಡ, ಬಿಸಿಲಿಗೆ ಕಾದು ಸುಡುತ್ತದೆ.

ಹಳೆ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಸೂಜಿಯಲ್ಲಿ ತೂತು ಮಾಡಿ ತಟ್ಟೆಯ ಮೇಲೆ ತೂಗಿಬಿಡಿ. ಹನಿ ಬೀಳುವ ಸಪ್ಪಳಕ್ಕೆ ಹಕ್ಕಿ ಬೇಗ ಗುರುತು ಹಿಡಿಯುತ್ತದೆ. ಕೆಳಗೆ ಕರಿಬೇವು, ಬದನೆ ಇದ್ದರೆ ಚೆಲ್ಲಿದ ನೀರೂ ಹಾಳಲ್ಲ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ ತುಂಬಿಸಿ. ಸೊಳ್ಳೆ ಮೊಟ್ಟೆ ಇಟ್ಟು ಮರಿಯಾಗಿ ಹಾರಲು ವಾರ, ಹತ್ತು ದಿನ ಬೇಕು. ಅಷ್ಟರೊಳಗೆ ನೀರು ಚೆಲ್ಲಿದರೆ ಡೆಂಗಿಯ ಭಯವಿಲ್ಲ.

ಗುಬ್ಬಿ ಗೂಡು

"ಗುಬ್ಬಿ ಕಾಳು ತಿಂತಾವಲ್ರೀ, ಅವನ್ಯಾಕ ಸಾಕ್ಬೇಕು?" ಎನ್ನುವವರಿದ್ದಾರೆ. ಕಾಳು ತಿನ್ನುವುದು ನಿಜ. ಆದರೆ ಮರಿಗೆ ಅದು ತಿನ್ನಿಸುವುದು ಹೆಚ್ಚಾಗಿ ಹುಳು, ಕೀಡೆ. ಚೀನಾ ದೇಶದಲ್ಲಿ 1958ರಲ್ಲಿ ಕಾಳುಗಳ್ಳ ಎಂದು ಗುಬ್ಬಿಯನ್ನು ಊರೂರೇ ಸೇರಿ ಕೊಂದರು. ಆಮೇಲೆ ಹುಳುವಿನ ಹಾವಳಿ ಏರಿತು. 1960ರಲ್ಲಿ ಕೊಲ್ಲಬೇಕಾದ ಪೀಡೆಗಳ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ಆ ಜಾಗಕ್ಕೆ ತಿಗಣೆ ಸೇರಿಸಿದರು!

ಗೂಡಿಗೆ ಸಣ್ಣ ಗಡಿಗೆ, ಬಲಿತು ಒಣಗಿದ ಸೋರೆ ಬುರುಡೆ, ಇಲ್ಲವೇ ಹಳೆ ಹಲಗೆಯ ಪೆಟ್ಟಿಗೆ ಆದೀತು. ಪೈಪಿನ ತುಂಡು ಕೆಲವರು ಬಳಸುತ್ತಾರೆ. ನಮ್ಮ ಬಿಸಿಲಿಗೆ ಅದು ಒಲೆಯಾಗುತ್ತದೆ, ಬೇಡ.

• ಒಳಗಿನ ತಳ 5 ಇಂಚು ಉದ್ದ, 5 ಇಂಚು ಅಗಲ.
• ಬಾಗಿಲಿನ ತೂತು ಒಂದೂಕಾಲು ಇಂಚು. ಇದಕ್ಕಿಂತ ದೊಡ್ಡದಾದರೆ ಗೊರವಂಕ ನುಗ್ಗಿ ಗುಬ್ಬಿಯನ್ನು ಓಡಿಸುತ್ತದೆ.
• ತೂತು ತಳದಿಂದ 5-6 ಇಂಚು ಮೇಲಿರಲಿ.
• ತೂತಿನ ಕೆಳಗೆ ಕೂಡುವ ಕಡ್ಡಿ ಚುಚ್ಚಬೇಡಿ. ಗುಬ್ಬಿಗೆ ಅದು ಬೇಕಿಲ್ಲ, ಕಾಗೆಗೆ ಅನುಕೂಲ.
• ತಳಕ್ಕೆ ನೀರು ಇಳಿಯಲು ಎರಡು ಮೂರು ಸಣ್ಣ ತೂತು. ಒಳಗೆ ಬಣ್ಣ, ವಾರ್ನಿಷ್ ಹಚ್ಚಬಾರದು.

ಸೂರಿನ ಕೆಳಗೆ 8-10 ಅಡಿ ಎತ್ತರಕ್ಕೆ, ಪೂರ್ವಕ್ಕೋ ಉತ್ತರಕ್ಕೋ ಬಾಯಿ ಮಾಡಿ ಕಟ್ಟಿ. ಪಡುವಣದ ಬಿಸಿಲು ಬೀಳುವ ಗೋಡೆ ಬೇಡ, ತಿರುಗುವ ಫ್ಯಾನಿನ ಹತ್ತಿರ ಬೇಡ. ಮೊಟ್ಟೆಗೆ ಕಾವು ಸುಮಾರು ಹನ್ನೆರಡು ದಿನ, ಮರಿ ಗೂಡಲ್ಲಿ ಇರುವುದು ಹದಿನೈದು ದಿನ. ಈ ತಿಂಗಳೊಪ್ಪತ್ತು ಇಣುಕಿ ನೋಡಬೇಡಿ. ಮರಿ ಹಾರಿದ ಮೇಲೆ ಹಳೆ ಕಸ ತೆಗೆದು ಬಿಸಿಲಿಗಿಡಿ. ಅಂಗಳಕ್ಕೆ ಒಂದು ಹಿಡಿ ಸಜ್ಜೆ, ಅಕ್ಕಿ ನುಚ್ಚು ಚೆಲ್ಲಿ. ಉಪ್ಪಿನ ಅಡುಗೆ ಬೇಡ.

ಹೊಲದಲ್ಲಿ ಕೂಡುವ ಕಟ್ಟಿಗೆ

ನಮ್ಮಲ್ಲಿ ಬಳ್ಳಾರಿ ಜಾಲಿಗೆ ಬರವಿಲ್ಲ. ನೆಟ್ಟಗಿನ ಗಳ ಕಡಿದು, ತುದಿಗೆ ಒಂದೂವರೆ ಅಡಿಯ ಅಡ್ಡಕಟ್ಟಿಗೆ ತಂತಿಯಿಂದ ಬಿಗಿಯಿರಿ. ಬೆಳೆಗಿಂತ ಒಂದೂವರೆ, ಎರಡು ಅಡಿ ಎತ್ತರ ಇರಬೇಕು. ಎಕರೆಗೆ 20 ಸಾಕು. ಹದಿನೈದು ಹೆಜ್ಜೆಗೆ ಒಂದರಂತೆ ಬರುತ್ತದೆ. ಕಾಜಾಣ, ಗೊರವಂಕ, ನೀಲಕಂಠ ಇದರ ಮೇಲೆ ಕೂತು ಹುಳು ಆರಿಸುತ್ತವೆ. ಬಲಿತ ಕಾಯಿಕೊರಕಕ್ಕೆ ಔಷಧಿ ಸರಿಯಾಗಿ ನಾಟುವುದಿಲ್ಲ. ಹಕ್ಕಿಗೆ ಅಂಥ ದಪ್ಪ ಹುಳುವೇ ಇಷ್ಟ. ಕಡ್ಲಿ ಸಾಲಿನ ನಡುವೆ ಮಂಡಕ್ಕಿ ಚೆಲ್ಲಿದರೆ ಹಕ್ಕಿ ಬೇಗ ಇಳಿಯುತ್ತದೆ.

ಹಕ್ಕಿಯೊಂದೇ ಎಲ್ಲ ಹುಳು ಮುಗಿಸುತ್ತದೆಂದು ತಿಳಿಯಬೇಡಿ. ಹೂ ಬಿಡುವಾಗ ಗಿಡ ಮಗುಚಿ ನೋಡುತ್ತಿರಿ. ಮೊಟ್ಟೆ, ಎಳೆ ಹುಳು ಕಂಡರೆ ಐದು ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ, ನೆನೆಸಿ, ಸೋಸಿ, 100 ಲೀಟರ್ ಮಾಡಿ ಹೊಡೆಯಬಹುದು.

ಒಂದು ಎಚ್ಚರ: ಜೋಳ, ಸಜ್ಜೆ, ಭತ್ತದಲ್ಲಿ ಕಾಳು ಹಾಲುಗಟ್ಟುವ ಹೊತ್ತಿಗೆ ಈ ಕಟ್ಟಿಗೆ ಕಿತ್ತುಬಿಡಬೇಕು. ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗೆ ನಾವೇ ಕುರ್ಚಿ ಹಾಕಿದಂತೆ!

ಕಣಜಕ್ಕೆ ಕಣಜಗೂಬೆ

"ಗೂಗಿ ಮನಿ ಹತ್ರ ಬ್ಯಾಡ್ರೀ, ಅಪಶಕುನ." ಈ ಮಾತು ಕೇಳದವರಿಲ್ಲ. ಆದರೆ ಬಿಳಿ ಮುಖದ ಕಣಜಗೂಬೆಯ ಮುಖ್ಯ ಊಟವೇ ಇಲಿ. ಮರಿ ಇದ್ದಾಗ ಬೇಟೆ ಇನ್ನೂ ಜೋರು. ಮಲೇಷ್ಯಾದ ತಾಳೆ ತೋಟಗಳಲ್ಲಿ, ಇಸ್ರೇಲಿನ ಹೊಲಗಳಲ್ಲಿ 1980ರ ದಶಕದಿಂದ ಇದಕ್ಕೆ ಪೆಟ್ಟಿಗೆ ಕಟ್ಟಿ ಕರೆಯುತ್ತಿದ್ದಾರೆ. ನಾವೂ ಕಟ್ಟಬಹುದು.

ಸಾಮಾನಿನ ಪ್ಯಾಕಿಂಗಿಗೆ ಬಂದ ಹಲಗೆ ಸಾಕು. ಉದ್ದ 24 ಇಂಚು, ಅಗಲ 16, ಎತ್ತರ 18. ಒಂದು ಬದಿಗೆ 6 ಇಂಚಿನ ಬಾಗಿಲು. ಅದರ ಕೆಳ ಅಂಚು ತಳದಿಂದ 10 ಇಂಚು ಮೇಲಿರಲಿ, ಮರಿ ಹೊರಗೆ ಉರುಳಬಾರದು. ಚಾವಣಿ ಮುಂದಕ್ಕೆ ಇಳಿಜಾರಾಗಿರಲಿ. ಬದುವಿನ ಮರಕ್ಕೋ ಗಟ್ಟಿ ಕಂಬಕ್ಕೋ 12-15 ಅಡಿ ಎತ್ತರದಲ್ಲಿ ಬಿಗಿಯಿರಿ. ಕರೆಂಟ್ ತಂತಿಯಿಂದ ದೂರವಿರಲಿ. ಗೂಬೆ ತಾನಾಗಿ ಬರಬೇಕು. ಹಿಡಿದು ತಂದು ಬಿಡುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಮೊದಲ ವರ್ಷವೇ ಬಾರದಿದ್ದರೆ ಬೇಸರ ಬೇಡ, ಪೆಟ್ಟಿಗೆ ಅಲ್ಲೇ ಇರಲಿ.

ಕರೆದು ವಿಷ ಬಡಿಸಬಾರದು

ಇದು ಎಲ್ಲಕ್ಕಿಂತ ಮುಖ್ಯ. ಒಂದು ಕಡೆ ಗೂಬೆಗೆ ಪೆಟ್ಟಿಗೆ, ಇನ್ನೊಂದು ಕಡೆ ಬದುವಿನ ಮೇಲೆ ಬ್ರೊಮಾಡಿಯೋಲೋನ್ ಬಿಲ್ಲೆ ಇಟ್ಟರೆ ಏನಾದೀತು? ಅದನ್ನು ತಿಂದ ಇಲಿ ತಕ್ಷಣ ಸಾಯದೆ ನಾಲ್ಕಾರು ದಿನ ಮಂಕಾಗಿ ತಿರುಗುತ್ತದೆ. ಗೂಬೆಗೆ ಸುಲಭವಾಗಿ ಸಿಗುವುದು ಅದೇ ಇಲಿ. ವಿಷ ಗೂಬೆಯ ಹೊಟ್ಟೆಗೆ. ಹಾಗೆ ಮಾಡುವುದಕ್ಕಿಂತ ಪೆಟ್ಟಿಗೆ ಕಟ್ಟದಿರುವುದೇ ವಾಸಿ.

ಪೆಟ್ಟಿಗೆ ಇರುವ ಕಡೆ ಬಿಲ ಅಗೆಯುವುದು, ಬದು ತೆಳ್ಳಗೆ ಮಾಡುವುದು, ಬಿದಿರಿನ ಬುಟ್ಟಿ ಬೋನು, ಇವೇ ದಾರಿ. ವಿಷ ಇಡಲೇಬೇಕಾದರೆ ಬಯಲಲ್ಲಿ ಚೆಲ್ಲದೆ ಬಿಲದೊಳಗೆ ಇಟ್ಟು ಮಣ್ಣಿನಿಂದ ಬಾಯಿ ಮುಚ್ಚಿ. ಸತ್ತ ಇಲಿಯನ್ನು ಆರಿಸಿ ಹೂಳಿ. ಬೀಜೋಪಚಾರ ಮಾಡಿ ಉಳಿದ ಬಣ್ಣದ ಬೀಜವನ್ನು ಅಂಗಳಕ್ಕೆ ಚೆಲ್ಲಬೇಡಿ. ಫೋರೇಟ್ ಹರಳು ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಹಳೆಯದು ಮನೆಯ ಮೂಲೆಯಲ್ಲಿ ಇದ್ದರೂ ಹೊಲಕ್ಕೆ ಒಯ್ಯಬೇಡಿ.

ಯಾವಾಗ, ಯಾವುದು?

ಎರಡನೇ ಬೆಳೆ ಕೊಯ್ದು ಗದ್ದೆ ಖಾಲಿಯಾದಾಗ ಗೂಬೆ ಪೆಟ್ಟಿಗೆಯ ಕಂಬ ನೆಡಿ. ಕಡ್ಲಿ ಬಿತ್ತಿ ತಿಂಗಳಾದಾಗ ಹೊಲಕ್ಕೆ ಜಾಲಿ ಕಟ್ಟಿಗೆ. ಗುಬ್ಬಿ ಗೂಡು ಯಾವಾಗಾದರೂ ಸರಿ. ನೀರಿನ ತಟ್ಟೆ ಮಾತ್ರ ಫೆಬ್ರವರಿ ಮುಗಿಯುವುದರೊಳಗೆ ತೂಗಲೇಬೇಕು. ಕೈಯಿಂದ ಬೀಳುವ ಖರ್ಚು ಮೊಳೆ, ತಂತಿಯದು ಮಾತ್ರ. ಉಳಿದದ್ದು ಮನೆಯ ಹಿಂದೆಯೇ ಬಿದ್ದಿದೆ.

ಒಮ್ಮೆಗೇ ನಾಲ್ಕೂ ಮಾಡಬೇಕೆಂದಿಲ್ಲ. ಒಂದು ತಟ್ಟೆಯಿಂದ ಸುರು ಮಾಡಿ. ಯಾವ ಹಕ್ಕಿ ಎಷ್ಟನೇ ದಿನಕ್ಕೆ ಬಂತು, ಯಾವ ಅಳತೆ ಒಗ್ಗಿತು ಎಂದು ಒಂದು ವಹಿಯಲ್ಲಿ ಬರೆದಿಡಿ. ಇದಕ್ಕಿಂತ ಅಗ್ಗದ ಉಪಾಯ ನಿಮಗೆ ಹೊಳೆದಿದ್ದರೆ ಪತ್ರಿಕೆಗೆ ಬರೆಯಿರಿ, ಉಳಿದವರಿಗೂ ಉಪಯೋಗವಾದೀತು.