ಹಂಗಿಲ್ಲದ ಸುದ್ದಿಗೆ ದುಡ್ಡು ಕೊಡುವವರು ಯಾರು?

ತಾಲ್ಲೂಕು ವರದಿಗಾರನೊಬ್ಬ ಎಷ್ಟು ಧೈರ್ಯವಾಗಿ ಬರೆಯಬಲ್ಲ ಎಂದು ತಿಳಿಯಬೇಕಾದರೆ ಸಂವಿಧಾನದ 19ನೇ ವಿಧಿ ಓದಿದರೆ ಸಾಲದು. ಯುಗಾದಿ, ದಸರಾ ಪುರವಣಿಗೆ ಅವನು ಯಾರ ಮನೆ ಬಾಗಿಲಲ್ಲಿ ನಿಂತು ಜಾಹೀರಾತು ತಂದ ಎಂಬುದನ್ನೂ ನೋಡಬೇಕು. ಬುಕ್ಕಾಂಬುಧಿಯಲ್ಲಿದ್ದುಕೊಂಡು ಅಜ್ಜಂಪುರ, ತರೀಕೆರೆ, ಕಡೂರು ಕಡೆಯ ಸುದ್ದಿಗಳನ್ನು ವರ್ಷಗಟ್ಟಲೆ ಪತ್ರಿಕೆಗಳಿಗೆ ಕಳಿಸಿದ ನನಗೆ ಈ ಕೆಲಸ ಕಲಿಸಿದ ಮೊದಲ ಪಾಠ ಇದು.

ನಮ್ಮಂಥವರಿಗೆ ಸಂಬಳವಿಲ್ಲ. ಅಚ್ಚಾದ ಸುದ್ದಿಗೆ ಇಷ್ಟು ಎಂದು ಲೆಕ್ಕ ಹಾಕಿ ಕೊಡುತ್ತಾರೆ. ಬೈಕಿನಲ್ಲಿ ಬೀರೂರಿಗೆ ಹೋಗಿಬಂದರೆ ಅದು ಪೆಟ್ರೋಲಿಗೂ ಆಗುವುದಿಲ್ಲ. ಕೈಗೆ ಏನಾದರೂ ಹತ್ತುವುದು ಜಾಹೀರಾತಿನ ಕಮಿಷನ್ನಿನಿಂದ. ಈ ಕಡೆ ಜಾಹೀರಾತು ಕೊಡುವವರಾದರೂ ಯಾರು? ಕಾಮಗಾರಿ ಮಾಡುವ ಗುತ್ತಿಗೆದಾರರು, ಚುನಾವಣೆಗೆ ನಿಲ್ಲುವವರು, ಗೆದ್ದವರಿಗೆ ಅಭಿನಂದನೆ ಹೇಳುವ ಬೆಂಬಲಿಗರು, ಖಾಸಗಿ ಶಾಲೆಯವರು. ನಾವು ಯಾರ ಬಗ್ಗೆ ಬರೆಯಬೇಕೋ ಅವರೇ. ಈರುಳ್ಳಿ ಬೆಲೆ ಬಿದ್ದದ್ದನ್ನೋ ಅಡಿಕೆಗೆ ಕೊಳೆ ಬಂದದ್ದನ್ನೋ ಯಾರ ಅಡ್ಡಿಯೂ ಇಲ್ಲದೆ ಬರೆಯಬಹುದು. ರಸ್ತೆಯ ಡಾಂಬರು ಮೊದಲ ಮಳೆಗೇ ಕಿತ್ತುಹೋಯಿತು ಎಂದು ಬರೆಯಹೊರಟಾಗ ಮಾತ್ರ ಕೈ ತಡೆಯುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಊರಿನ ಹೆಸರು ಬೇಡ. ನಮ್ಮ ಸುತ್ತಿನ ಒಂದು ಕೆರೆಯಲ್ಲಿ ಹೂಳೆತ್ತುವ ಕೆಲಸ ಮುಗಿಯಿತೆಂದು ಬಿಲ್ಲಾಗಿತ್ತು. ಕೆಲಸ ಅರ್ಧವೂ ಆಗಿಲ್ಲವೆಂದು ಅಚ್ಚುಕಟ್ಟಿನ ರೈತರು ಬಂದು ಹೇಳಿದರು. ಬಾಯಿಮಾತು ನಂಬಿ ಬರೆಯುವಂತಿರಲಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಕಾಯ್ದೆ ಹೇಳುವ ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ. ಮೇಲ್ಮನವಿ ಸಲ್ಲಿಸಿದ ಮೇಲೆ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕ, ಅಂದರೆ ನಮ್ಮ ಕಡೆ ಎಲ್ಲರೂ ಎಂ.ಬಿ. ಅನ್ನುವ ಪುಸ್ತಕದ ಪುಟಗಳ ದೃಢೀಕೃತ ನಕಲು ಕೈಗೆ ಬಂತು.

ಎಂ.ಬಿ. ಓದುವುದನ್ನು ಪ್ರತಿ ಹಳ್ಳಿಯವನೂ ಕಲಿಯಬೇಕು. ಉದ್ದ, ಅಗಲ, ಆಳ ಎಂದು ಮೂರು ಕಲಮು, ಪಕ್ಕದಲ್ಲಿ ಗುಣಿಸಿ ಬಂದ ಘನ ಮೀಟರ್, ಅದರ ಪಕ್ಕದಲ್ಲಿ ದರ. ಉದ್ದ ಅಗಲದಲ್ಲಿ ಮೋಸ ಮಾಡುವುದು ಕಷ್ಟ, ಕಣ್ಣಿಗೆ ಕಾಣುತ್ತದೆ. ಮೋಸ ಇರುವುದು ಆಳದ ಕಲಮಿನಲ್ಲಿ. ಅಲ್ಲಿ ಒಂದು ಮೀಟರ್ ಎಂದು ಬರೆದಿತ್ತು. ಬೇಸಿಗೆಯಾದ್ದರಿಂದ ಕೆರೆ ಒಣಗಿತ್ತು. ರೈತರು ಅಳತೆ ಟೇಪು ಹಿಡಿದು, ತೆಗೆದ ಜಾಗಕ್ಕೂ ತೆಗೆಯದ ಜಾಗಕ್ಕೂ ಇದ್ದ ವ್ಯತ್ಯಾಸವನ್ನು ಅಳೆದರು. ಎಲ್ಲಿಯೂ ಮೊಣಕಾಲು ದಾಟಲಿಲ್ಲ. ಅಳೆದದ್ದನ್ನು ಬರೆದು, ಅಲ್ಲಿದ್ದವರೆಲ್ಲ ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು.

ಸುದ್ದಿ ಬಂದ ಬೆಳಗ್ಗೆಯೇ ಗುತ್ತಿಗೆದಾರರಿಂದ ಫೋನ್ ಬಂತು. "ಏನೋ ತಮ್ಮಾ, ನಮ್ಮನೇಲಿ ಉಂಡೋನು ನೀನು. ಹಿಂಗೆಲ್ಲ ಬರೀಬಹುದೇನೋ?" ಆ ದನಿಯಲ್ಲಿ ಬೆದರಿಕೆಗಿಂತ ನೋವೇ ಹೆಚ್ಚಿತ್ತು. ಸಣ್ಣ ಊರಿನ ಪತ್ರಿಕೋದ್ಯಮದ ನಿಜವಾದ ಕಷ್ಟ ಇದು. ಇಲ್ಲಿ ಗುತ್ತಿಗೆದಾರ ದೂರದ ಯಾರೋ ಅಲ್ಲ, ಸಂಬಂಧದಲ್ಲಿ ದೊಡ್ಡಪ್ಪನೋ ಭಾವನೋ ಆಗಬೇಕು. ನಾಳೆ ಮದುವೆ ಮನೆಯ ಪಂಕ್ತಿಯಲ್ಲಿ ಎದುರು ಕೂರಬೇಕು. ಆಮೇಲೆ ಬರಬೇಕಿದ್ದ ಜಾಹೀರಾತು ನಿಂತಿತು, ವಕೀಲರ ನೋಟಿಸೂ ಬಂತು. ನೋಟಿಸಿಗೆ ನಾವು ಕೊಟ್ಟ ಉತ್ತರ ಚಿಕ್ಕದು: ಎಂ.ಬಿ. ನಕಲು ಮತ್ತು ರೈತರ ಸಹಿಗಳ ಹಾಳೆ. ಅದಾದ ಮೇಲೆ ಆ ಕಡೆಯಿಂದ ಮಾತು ಬರಲಿಲ್ಲ. ಇಲಾಖೆಯವರು ಬಂದು ಮತ್ತೊಮ್ಮೆ ಅಳತೆ ಮಾಡಿದರು.

ವರದಿಗಾರನ ಬೆನ್ನಿಗೆ ನಿಲ್ಲುವುದು ಎಂದರೆ ಏನೆಂದು ನನಗೆ ಅಂದು ತಿಳಿಯಿತು. "ಚೆನ್ನಾಗಿ ಬರೆದಿದ್ದೀರಿ ಸಾರ್" ಎನ್ನುವುದರಿಂದ ಯಾರಿಗೂ ಬಲ ಬರುವುದಿಲ್ಲ. ಆ ಸಹಿಗಳಿಂದ ಬಂತು. ಅಂದಿನಿಂದ ಮಾಹಿತಿ ಹಕ್ಕಿನ ಅರ್ಜಿಯನ್ನು ವರದಿಗಾರನೊಬ್ಬನ ಹೆಸರಿನಲ್ಲಿ ಹಾಕಬೇಡಿ, ನಾಲ್ಕು ಜನ ಬೇರೆ ಬೇರೆಯಾಗಿ ಹಾಕಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಈಗ ಅದು ಇನ್ನೂ ಅಗತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೇ ತಿದ್ದಿದೆ. ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣ ಕೊಟ್ಟು ಹೆಸರಿರುವ ಕಾಗದವನ್ನೆಲ್ಲ ತಡೆಹಿಡಿಯಲು ಅದರಿಂದ ದಾರಿಯಾಗಿದೆ. ಸಾರ್ವಜನಿಕ ಹಿತ ದೊಡ್ಡದಾದಾಗ ಮಾಹಿತಿ ಕೊಡಬಹುದು ಎನ್ನುವ 8(2) ಇನ್ನೂ ಉಳಿದಿದೆ. ಅರ್ಜಿಯಲ್ಲಿ ಅದನ್ನು ಮರೆಯದೆ ಬರೆಯಿರಿ.

ಈ ನೆಲಕ್ಕೆ ಪತ್ರಿಕೆಯ ಬಾಯಿ ಕಟ್ಟುವುದು ಹೊಸದಲ್ಲ. ನಮ್ಮೂರು ಕಡೂರು ಜಿಲ್ಲೆಗೆ, ಆ ಜಿಲ್ಲೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1908ರಲ್ಲಿ, ದಿವಾನ್ ವಿ.ಪಿ. ಮಾಧವರಾವ್ ಅವರ ಆಡಳಿತ ಪತ್ರಿಕಾ ಕಾನೂನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ ಎಂಬುದು ಅದರ ತಿರುಳು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಪ್ಪಣೆ ಕೇಳಿ ಬರೆಯುವುದಕ್ಕಿಂತ ಬರೆಯದಿರುವುದು ಮೇಲು ಎಂದ ಆ ನಿಷ್ಠುರತೆ ದೊಡ್ಡದು. ಆದರೆ ಪತ್ರಿಕೆ ನಿಂತರೆ ನಷ್ಟ ಓದುಗನಿಗೆ ಎಂಬುದೂ ಅಷ್ಟೇ ನಿಜ.

ಪತ್ರಿಕೆ ನಡೆಸುತ್ತಲೇ ಹಂಗು ಹರಿದುಕೊಂಡವರು ಪಿ. ಲಂಕೇಶ್. ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. 1980ರಲ್ಲಿ ಆರಂಭವಾದ 'ಲಂಕೇಶ್ ಪತ್ರಿಕೆ' ಜಾಹೀರಾತು ತೆಗೆದುಕೊಳ್ಳಲಿಲ್ಲ. ಓದುಗ ಅಂಗಡಿಯಲ್ಲಿ ಕೊಟ್ಟ ಕಾಸಿನಿಂದಲೇ ನಡೆಯಿತು, ಅದರಿಂದಲೇ ಮುಖ್ಯಮಂತ್ರಿಗಳನ್ನೂ ಮಂತ್ರಿಗಳನ್ನೂ ಹೆಸರು ಹಿಡಿದು ಕೇಳಿತು. ಲಂಕೇಶರ ಬರವಣಿಗೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಆ ಲೆಕ್ಕದ ಪುಸ್ತಕವೂ ಅಷ್ಟೇ ಮುಖ್ಯ.

ಹಂಗು ಹರಿದುಕೊಂಡರೂ ಕೋರ್ಟಿನ ಕಾಟ ತಪ್ಪುವುದಿಲ್ಲ. ಲಂಕೇಶರ ಮಗಳು, ಪತ್ರಕರ್ತೆ ಗೌರಿ ಲಂಕೇಶರಿಗೆ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಮಾನನಷ್ಟ ಪ್ರಕರಣದಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿತ್ತು. 2017ರ ಸೆಪ್ಟೆಂಬರ್ 5ರಂದು ಅವರ ಮನೆ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಆರು ವಾರದೊಳಗೆ, ಅಕ್ಟೋಬರ್ 16ರಂದು, ಮಾಲ್ಟಾ ದೇಶದಲ್ಲಿ ಡಾಫ್ನೆ ಕರುವಾನಾ ಗಲೀಜಿಯಾ ಎಂಬ ಪತ್ರಕರ್ತೆಯನ್ನು ಕಾರಿಗೆ ಬಾಂಬಿಟ್ಟು ಕೊಂದರು. ಮಾಲ್ಟಾ ನಮ್ಮ ಕಡೂರು ತಾಲ್ಲೂಕಿಗಿಂತ ಚಿಕ್ಕ ದೇಶ. ಅಲ್ಲಿಯೂ ನಮ್ಮಂತೆಯೇ ಎಲ್ಲರಿಗೂ ಎಲ್ಲರ ಪರಿಚಯ. ಸಾಯುವಾಗ ಆಕೆಯ ಮೇಲೆ ನಲವತ್ತಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳು ಬಾಕಿ ಇದ್ದವು. ಅದೇ ವರ್ಷದ ಫೆಬ್ರವರಿಯಲ್ಲಿ, ಮಂತ್ರಿಯೊಬ್ಬರು ಹೂಡಿದ ಮೊಕದ್ದಮೆಗಳಲ್ಲಿ ಆಕೆಯ ಬ್ಯಾಂಕ್ ಖಾತೆಗಳನ್ನೇ ತಡೆಹಿಡಿಸಿದಾಗ ಓದುಗರು ದುಡ್ಡು ಕೂಡಿಸಿ ಆ ಮೊತ್ತ ಹೊಂದಿಸಿಕೊಟ್ಟಿದ್ದರು. ಆಕೆಯ ಸಾವಿನ ಮರುವರ್ಷ ಮಾಲ್ಟಾ ಮಾನನಷ್ಟವನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆಯಿತು. ಬಾಯಿ ಮುಚ್ಚಿಸಲೆಂದೇ ಹೂಡುವ ಮೊಕದ್ದಮೆಗಳ ವಿರುದ್ಧ 2024ರಲ್ಲಿ ಯುರೋಪ್ ಒಕ್ಕೂಟ ನಿಯಮ ತಂದಿತು. ನಮ್ಮಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನನಷ್ಟವನ್ನು ಎತ್ತಿಹಿಡಿಯಿತು. ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದರೂ 356ನೇ ಕಲಮಿನಲ್ಲಿ ಎರಡು ವರ್ಷದವರೆಗಿನ ಸಜೆ ಹಾಗೇ ಇದೆ. ತಾಲ್ಲೂಕಿನ ವರದಿಗಾರನಿಗೆ ಜೈಲಿಗಿಂತ ಕೋರ್ಟಿಗೆ ಅಲೆಯುವುದೇ ಶಿಕ್ಷೆ. ಬೇರೆ ಜಿಲ್ಲೆಯ ಕೋರ್ಟಿನಲ್ಲಿ ಕೇಸು ಹಾಕಿದರೆ ಒಂದು ವಾಯಿದೆಗೆ ಒಂದು ದಿನದ ದುಡಿಮೆ ಹೋಗುತ್ತದೆ.

ಈಗ ನಮ್ಮ ಊರುಗಳಲ್ಲಿ ಪತ್ರಿಕೆ ಓದುವವರು ಕಡಿಮೆಯಾಗಿಲ್ಲ, ಕೊಳ್ಳುವವರು ಕಡಿಮೆಯಾಗಿದ್ದಾರೆ. ಬೆಳಗಾಗುವ ಮೊದಲೇ ಪಿಡಿಎಫ್ ವಾಟ್ಸಾಪ್ ಗುಂಪಿಗೆ ಬಂದು ಬಿದ್ದಿರುತ್ತದೆ. ಬಂಡಲ್ ಬಿಚ್ಚಿ ಮನೆಮನೆಗೆ ಹಾಕುವ ಏಜೆಂಟರು ಕೈ ಬಿಡುತ್ತಿದ್ದಾರೆ. ಓದುಗ ಕೊಡದ ದುಡ್ಡನ್ನು ಬೇರೆ ಯಾರೋ ಕೊಡುತ್ತಾರೆ, ಕೊಟ್ಟವನು ತನಗೆ ಬೇಕಾದ್ದನ್ನು ಬರೆಸುತ್ತಾನೆ. ಇದರಲ್ಲಿ ಪತ್ರಿಕೆಯವರ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ದುಡ್ಡು ತೆಗೆದುಕೊಂಡು ಹೊಗಳಿಕೆಯನ್ನು ಸುದ್ದಿಯೆಂದು ಅಚ್ಚು ಹಾಕುವವರನ್ನು ಹತ್ತಿರದಿಂದ ನೋಡಿದ್ದೇನೆ. ಅಂಥ ಪತ್ರಿಕೆಯನ್ನು ನಿಲ್ಲಿಸಿ. ಏಕೆ ನಿಲ್ಲಿಸಿದಿರಿ ಎಂದು ಸಂಪಾದಕರಿಗೆ ಕಾಗದ ಬರೆಯಿರಿ. ನಿಮ್ಮ ಜಿಲ್ಲೆಯಲ್ಲಿ ಯಾವ ಪತ್ರಿಕೆ ಸಣ್ಣದಾದರೂ ಎಂ.ಬಿ. ಪುಟ ತೆಗೆಸಿ ಓದುತ್ತದೋ, ಗ್ರಾಮಸಭೆಗೆ ಬಂದು ಕೂರುತ್ತದೋ, ಅದಕ್ಕೆ ಒಂದು ವರ್ಷದ ಚಂದಾ ಕಟ್ಟಿ. ಅದರ ವರದಿಗಾರನಿಗೆ ಕೋರ್ಟಿನ ವಾಯಿದೆ ಇದ್ದ ದಿನ ಜೊತೆಗೆ ನೀವೂ ಬಸ್ಸು ಹತ್ತಿ.