ದುಡಿಯುವ ಹೆಂಗಸರೂ ಉದ್ಯೋಗ ಸೌಲಭ್ಯಗಳೂ

ಹೆಂಗಸರು ಕೆಲಸಕ್ಕೆ ಬರುವುದಕ್ಕೆ ಸಂಬಳ ಸಾಕು; ಬಂದವರು ನಿಲ್ಲುವುದಕ್ಕೆ ಸಂಬಳವೊಂದೇ ಸಾಲದು. ಈ ಮಾತಿಗೆ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹೆಂಗಸರೇ.

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯ ನಿಯಮವನ್ನು ಬದಲಿಸಿತು. ಕೆಲಸ ಬಿಟ್ಟವರು ತಾವು ಕಟ್ಟಿದ ಪಾಲನ್ನು ಹಿಂಪಡೆಯಬಹುದು. ಮಾಲೀಕರು ಕಟ್ಟಿದ ಪಾಲನ್ನು ಮಾತ್ರ 58 ವರ್ಷ ತುಂಬುವ ತನಕ ಮುಟ್ಟುವಂತಿಲ್ಲ ಎಂದಾಯಿತು. ಮುಪ್ಪಿಗೆ ಆಸರೆಯಾಗಲೆಂಬ ಉದ್ದೇಶ ಒಳ್ಳೆಯದೇ. ಆದರೆ ಗಾರ್ಮೆಂಟ್ಸಿಗೆ ಹೋಗುವ ಅಕ್ಕಂದಿರನ್ನು ಕೇಳಿ ನೋಡಿ: ಆ ಹಣವೆಂದರೆ ಮಗಳ ಕಾಲೇಜಿನ ಫೀಸು, ಬಾಣಂತನದ ಖರ್ಚು, ಬಾಡಿಗೆ ಮನೆಯ ಮುಂಗಡ, ತೀರದ ಕೈಸಾಲ. ಏಪ್ರಿಲ್ 18 ಮತ್ತು 19ರಂದು ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಕಲ್ಲು, ಬೆಂಕಿ, ಲಾಠಿ ಯಾವುದೂ ತಪ್ಪಲಿಲ್ಲ. 19ರಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಇದನ್ನು ಬರಿಯ ಗಲಭೆಯೆಂದು ಮರೆಯುವುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ತಕ್ಕುದಲ್ಲವೆಂದು ನನ್ನ ಎಣಿಕೆ. ಸೌಲಭ್ಯದ ಮೊತ್ತ ಎಷ್ಟೆಂಬುದರಷ್ಟೇ, ಅದು ಬೇಕಾದ ಹೊತ್ತಿಗೆ ಕೈಗೆಟುಕುವುದೇ ಎಂಬುದೂ ಮುಖ್ಯ.

ಹೆರಿಗೆಯ ಸೌಲಭ್ಯವನ್ನೂ ಹೀಗೆಯೇ ಪರೀಕ್ಷಿಸಬಹುದು. 1961ರ ಕಾಯಿದೆಯು ಕೊಟ್ಟಿದ್ದ 12 ವಾರಗಳ ಸಂಬಳಸಹಿತ ರಜೆಯನ್ನು 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. ಎಲ್ಲರೂ ಹೊಗಳಿದ್ದು ಇದನ್ನೇ. ಅದೇ ತಿದ್ದುಪಡಿಯಲ್ಲಿ, 50 ಜನರಿಗೆ ಕಡಿಮೆಯಿಲ್ಲದಂತೆ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು ಎಂಬ ವಿಧಿಯೂ ಇತ್ತು. ನನಗೆ ಇದೇ ಹೆಚ್ಚಿನದಾಗಿ ತೋರುತ್ತದೆ. ಆರು ತಿಂಗಳ ಕೂಸನ್ನು ಯಾರ ಮಡಿಲಲ್ಲಿ ಬಿಟ್ಟು ಬರುವುದು? ಅಜ್ಜಿ ಊರಿನಲ್ಲಿ, ಹೊಲದ ಕೆಲಸದಲ್ಲಿ. ಗಂಟೆಗೆ ಇಷ್ಟು ಪೀಸು ಎಂದು ಲೆಕ್ಕ ಹಿಡಿಯುವ ಮೇಲ್ವಿಚಾರಕನು ತಲೆಯೆತ್ತಲು ಬಿಡದಿದ್ದರೆ ಆ ನಾಲ್ಕು ಸಲವೂ ಕಾಗದದಲ್ಲೇ ಉಳಿಯುತ್ತದೆ.

ಇನ್ನು ಖರ್ಚಿನ ಪ್ರಶ್ನೆ. ಕಾರ್ಮಿಕರ ರಾಜ್ಯವಿಮೆಗೆ ಸೇರಿದ ಹೆಂಗಸಿನ ಹೆರಿಗೆ ರಜೆಯ ಭತ್ಯವನ್ನು ಮಾಲೀಕರೂ ನೌಕರರೂ ಕೂಡಿ ತುಂಬಿದ ನಿಧಿಯೇ ಕೊಡುತ್ತದೆ. 2017ರಲ್ಲಿ ಅದರ ವೇತನಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ಮಿತಿಯನ್ನು ದಾಟಿದವರ 26 ವಾರದ ಸಂಬಳವನ್ನು ಮಾಲೀಕನೊಬ್ಬನೇ ಹೊರಬೇಕು. ಸಣ್ಣ ಕಚೇರಿಯವನು ಸಂದರ್ಶನದಲ್ಲಿ “ಮದುವೆ ಯಾವಾಗಮ್ಮ?” ಎಂದು ಕೇಳುವುದು ಈ ಲೆಕ್ಕದಿಂದಲೇ. ಅಲ್ಲಿಯೂ ಭಾರವನ್ನು ಹಂಚಿಕೊಳ್ಳುವ ನಿಧಿಯೊಂದು ಏಕೆ ಇರಬಾರದು? ನಮ್ಮ ತರಗತಿಯ ಸೋದರಿಯರು ಪದವಿ ಪಡೆದು ಬರುವ ವರ್ಷ ಅರ್ಜಿ ಹಾಕುವುದು ಇಂಥ ಕಚೇರಿಗಳಿಗೇ.