ಕೆಂಪು ಬೆಳಕು ಕುದುರೆಯ ಕುಂಟು ಬಿಡಿಸುತ್ತದೆಯೇ?

ಮಕ್ಕಳೇ, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ ಲಾಳ ಹೊಡೆಯುವುದನ್ನು ನೀವು ನೋಡಿರಬಹುದು. ಗೊರಸಿಗೆ ಮೊಳೆ ಹೊಡೆದರೂ ಎತ್ತಿಗೆ ನೋವಾಗುವುದಿಲ್ಲ. ಏಕೆ ಗೊತ್ತೇ? ಗೊರಸಿನ ಹೊರಭಾಗವು ನಮ್ಮ ಉಗುರಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಅದರಲ್ಲಿ ನರವೂ ಇಲ್ಲ, ರಕ್ತನಾಳವೂ ಇಲ್ಲ. ಅದರ ಒಳಪದರದಲ್ಲಿ ಎರಡೂ ಇವೆ. ಮೊಳೆ ಅಲ್ಲಿಗೆ ತಗುಲಿದರೆ ಎತ್ತು ಕುಂಟತೊಡಗುತ್ತದೆ.

ಎತ್ತಿನ ಪ್ರತಿ ಕಾಲಿಗೂ ಎರಡು ಗೊರಸು, ಹಾಗಾಗಿ ಲಾಳವೂ ಎರಡು ತುಂಡು. ಕುದುರೆಗೆ ಒಂದೇ ಗೊರಸು. ಅಂದರೆ ಅದು ಪ್ರತಿ ಕಾಲಿನಲ್ಲೂ ಒಂದೇ ಬೆರಳಿನ ತುದಿಯ ಮೇಲೆ ನಿಂತಿರುತ್ತದೆ! ಚಿತ್ರದುರ್ಗದ ಪಾಳೆಯಗಾರರ ಕುದುರೆಗಳು ಓಡಾಡಿದ್ದೂ ಹೀಗೆ ನಾಲ್ಕು ಬೆರಳುಗಳ ಮೇಲೆಯೇ.

ಕುದುರೆಯ ಮೊಣಕಾಲಿನ ಕೆಳಗೆ ದಪ್ಪ ಮಾಂಸಖಂಡಗಳಿಲ್ಲ. ಮೂಳೆ, ಹುರಿಯಂತಹ ಸ್ನಾಯುರಜ್ಜು, ಮೇಲೆ ಚರ್ಮ, ಅಷ್ಟೇ. ಸ್ನಾಯುರಜ್ಜುವಿಗೆ ರಕ್ತಪೂರೈಕೆ ಕಡಿಮೆ. ಆದ್ದರಿಂದ ಅಲ್ಲಿ ಪೆಟ್ಟಾದರೆ ವಾಸಿಯಾಗಲು ತಿಂಗಳುಗಳೇ ಬೇಕು. ಓಟದ ಕುದುರೆ ಸಾಕುವವರು ಈಗ ಇಂತಹ ಕಾಲಿಗೆ ಪುಟ್ಟ ಕೆಂಪು ಎಲ್‌ಇಡಿ ದೀಪಗಳಿರುವ ಪಟ್ಟಿಯನ್ನು ಸುತ್ತುತ್ತಾರೆ. ಬೆಳಕಿನಿಂದ ಗಾಯ ಮಾಯುತ್ತದೆಯೇ? ಅದೂ ಕೆಂಪು ಬೆಳಕೇ ಏಕೆ?

ಮಾಡಿ ನೋಡಿ: ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಅಂಗೈಯಿಂದ ಮುಚ್ಚಿ ಹಿಡಿಯಿರಿ. ಬೆರಳಿನ ಸಂದು ಕೆಂಪಗೆ ಹೊಳೆಯುತ್ತದೆ. ಟಾರ್ಚಿನ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ರಕ್ತದ ಹಿಮೋಗ್ಲೋಬಿನ್ ನೀಲಿ, ಹಸಿರು ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಕೆಂಪು ಮಾತ್ರ ಹೆಚ್ಚಾಗಿ ಹಾದು ಬರುತ್ತದೆ. ಇನ್ನು ಲಾಳ ಹೊಡೆಯುವವರು ಕೆತ್ತಿ ಬಿಸಾಡಿದ ಕಪ್ಪು ಗೊರಸಿನ ದಪ್ಪ ಚೂರೊಂದನ್ನು ತೊಳೆದು ಟಾರ್ಚಿನ ಮೇಲಿಡಿ. ಬೆಳಕು ಕಾಣುವುದೇ ಕಷ್ಟ. (ಆಮೇಲೆ ಕೈಯನ್ನು ಸೋಪಿನಿಂದ ತೊಳೆಯುವುದನ್ನು ಮರೆಯಬೇಡಿ.)

1967ರಲ್ಲಿ ಹಂಗೇರಿ ದೇಶದ ಬುಡಾಪೆಸ್ಟ್ ನಗರದಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಇಲಿಗಳ ಬೆನ್ನಿನ ಕೂದಲು ಬೋಳಿಸಿ ಮಾಣಿಕ್ಯದ ಲೇಸರ್‌ನ ಕೆಂಪು ಬೆಳಕು ಬಿಟ್ಟರು. ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ಕ್ಯಾನ್ಸರ್ ಬರಲಿಲ್ಲ, ಬದಲಿಗೆ ಕೂದಲು ಬೇಗ ಬೆಳೆಯಿತು! ಈ ಚಿಕಿತ್ಸೆಯ ಕಥೆ ಶುರುವಾದದ್ದು ಹೀಗೆ. ಸುಮಾರು 630ರಿಂದ 670 ನ್ಯಾನೋಮೀಟರ್ ತರಂಗದೂರದ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನೂ ಇದಕ್ಕೆ ಬಳಸುತ್ತಾರೆ. ಜೀವಕೋಶದ ಮೈಟೋಕಾಂಡ್ರಿಯದಲ್ಲಿರುವ ಒಂದು ಕಿಣ್ವ ಈ ಬೆಳಕನ್ನು ಹೀರಿಕೊಳ್ಳುವುದರಿಂದ ಕೋಶಕ್ಕೆ ಹೆಚ್ಚು ಶಕ್ತಿ ದೊರೆಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ.

ಆದರೆ ಕುದುರೆಗಳ ಮೇಲೆ ನಡೆದ ಪರೀಕ್ಷೆಗಳೆಲ್ಲ ಒಂದೇ ಉತ್ತರ ಕೊಟ್ಟಿಲ್ಲ. ಕೆಲವು ಪರೀಕ್ಷೆಗಳಲ್ಲಿ ಉಪಯೋಗ ಕಂಡಿದೆ, ಕೆಲವುಗಳಲ್ಲಿ ಕಂಡಿಲ್ಲ. ನನ್ನನ್ನು ಕೇಳಿದರೆ, ಚರ್ಮದ ಕೆಳಗೇ ಇರುವ ಸ್ನಾಯುರಜ್ಜುವಿನ ವಿಷಯದಲ್ಲಿ ಪರೀಕ್ಷೆ ಮುಂದುವರಿಸಬೇಕಾದದ್ದೇ. ದಪ್ಪ ಗೊರಸಿನ ಒಳಗಿನ ನೋವಿಗೆ ಹೊರಗಿನಿಂದ ದೀಪ ಹಿಡಿದರೆ ಬೆಳಕು ತಲುಪುವುದೇ ಎಂಬುದಕ್ಕೆ ನಿಮ್ಮ ಟಾರ್ಚೇ ಉತ್ತರ ಹೇಳಿದೆ.

ಹಿರಿಯೂರಿನ ಕಡೆ ಕುರಿಯೊಂದು ಕುಂಟಿದರೆ ಏನು ಮಾಡಬೇಕು? ಬಲ್ಬಿಗೆ ಕೆಂಪು ಕಾಗದ ಸುತ್ತಿ ಕಾಲಿಗೆ ಹಿಡಿದರೆ ಕುಂಟು ಹೋಗುವುದಿಲ್ಲ. ಮೊದಲು ಕಾಲನ್ನು ತೊಳೆದು, ಗೊರಸಿನ ಸಂದಿನಲ್ಲಿ ಮುಳ್ಳು, ಕಲ್ಲು ಸಿಕ್ಕಿದೆಯೇ ಎಂದು ದೊಡ್ಡವರಿಂದ ನೋಡಿಸಿ. ಆಳವಾಗಿ ಚುಚ್ಚಿದ್ದರೆ ಧನುರ್ವಾಯು ಬರಬಹುದು. ಕುದುರೆಗಳಿಗಂತೂ ಅದರ ಅಪಾಯ ಬಹಳ ಹೆಚ್ಚು. ಬಾಯಿಯಲ್ಲೂ ಹುಣ್ಣಿದ್ದು ಜೊಲ್ಲು ಸುರಿಯುತ್ತಿದ್ದರೆ ಅದು ಕಾಲುಬಾಯಿ ಜ್ವರವಿರಬಹುದು. ಇದು ವೈರಸ್‌ನಿಂದ ಬಂದು ಬೇಗ ಹರಡುತ್ತದೆ, ಲಸಿಕೆಯಿಂದ ತಡೆಯಬಹುದು. ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಜಾತ್ರೆಯಲ್ಲಿ ಸಿಗುವ ಲೇಸರ್ ಆಟಿಕೆಯನ್ನು ಮಾತ್ರ ಪ್ರಾಣಿಯ ಕಣ್ಣಿಗಾಗಲಿ ಗೆಳೆಯರ ಕಣ್ಣಿಗಾಗಲಿ ಬಿಡಬೇಡಿ.

ಇನ್ನೊಂದು ಚಟುವಟಿಕೆ: ಕುದುರೆಯ ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ನಿಮ್ಮ ಕೈಬೆರಳಿನ ಉಗುರಿನ ಬುಡದಲ್ಲಿ ಉಗುರುಬಣ್ಣದಿಂದ ಒಂದು ಚುಕ್ಕೆ ಇಡಿ. ಒಂದು ತಿಂಗಳ ನಂತರ ಅದು ಎಷ್ಟು ಮುಂದಕ್ಕೆ ಸರಿದಿದೆ ಎಂದು ಅಳತೆಪಟ್ಟಿಯಿಂದ ಅಳೆದು ಬರೆದಿಡಿ.